ಬ್ಯಾಟರಿ ವಿಮಾನಕ್ಕೆ ಅನುಮತಿ ಸಿಗಲು ಇಷ್ಟು ಕಾಲ ಏಕೆ ಬೇಕು?

ಓದುಗರ ಪ್ರಶ್ನೆ: ರಸ್ತೆಯಲ್ಲಿ ಬ್ಯಾಟರಿ ಕಾರು, ಬಸ್ಸುಗಳು ಓಡಾಡತೊಡಗಿ ವರ್ಷಗಳೇ ಕಳೆದಿವೆ. ಮಾಲಿನ್ಯ ತಗ್ಗಿಸುವ ವಿಮಾನಗಳ ಸುದ್ದಿಯೂ ಆಗಾಗ ಬರುತ್ತದೆ. ಆದರೂ ಅವುಗಳಿಗೆ ಅನುಮತಿ ಸಿಗುವುದು ಇಷ್ಟು ತಡವಾಗುವುದೇಕೆ?

ಉತ್ತರ: ಪರೀಕ್ಷೆ ನಡೆಸುವುದಕ್ಕಿಂತ ಮುಂಚೆ, ಏನನ್ನು ಪರೀಕ್ಷಿಸಬೇಕು ಎಂದು ತೀರ್ಮಾನಿಸುವುದೇ ಇಲ್ಲಿ ದೊಡ್ಡ ಕೆಲಸ. ವಿಮಾನಗಳ ಸುರಕ್ಷತಾ ನಿಯಮಗಳು ಬೆಳೆದು ಬಂದದ್ದು ಟ್ಯಾಂಕಿನಲ್ಲಿ ದ್ರವ ಇಂಧನವಿರುತ್ತದೆ, ಅದು ಎಂಜಿನ್ನಿನಲ್ಲಿ ಉರಿಯುತ್ತದೆ ಎಂಬ ತಿಳಿವಳಿಕೆಯ ಮೇಲೆ. ಹೊಸ ತಂತ್ರಜ್ಞಾನ ಈ ಚೌಕಟ್ಟಿಗೆ ಒಗ್ಗದಿದ್ದಾಗ, ಅಮೆರಿಕದ ಎಫ್‌ಎಎ ಮತ್ತು ಯುರೋಪಿನ ಇಎಎಸ್‌ಎಯಂಥ ವಿಮಾನ ಸುರಕ್ಷತಾ ಸಂಸ್ಥೆಗಳು ಅದಕ್ಕೆಂದೇ ‘ವಿಶೇಷ ಷರತ್ತು’ಗಳನ್ನು ರೂಪಿಸಿ, ಅವುಗಳನ್ನು ಪಾಲಿಸಿರುವುದಾಗಿ ತಯಾರಕರು ಹೇಗೆ ಸಾಬೀತುಪಡಿಸಬೇಕೆಂದೂ ನಿರ್ಧರಿಸಬೇಕಾಗುತ್ತದೆ. ದೊಡ್ಡ ಪ್ರಯಾಣಿಕ ವಿಮಾನದಲ್ಲಿ ದುರಂತ ತರಬಲ್ಲ ದೋಷವು ನೂರು ಕೋಟಿ ಹಾರಾಟ ಗಂಟೆಗಳಿಗೆ ಒಮ್ಮೆಗಿಂತಲೂ ಅಪರೂಪವಾಗಿರಬೇಕೆಂಬುದು ಅಳತೆಗೋಲು.

ಹಳೆಯ ಚೌಕಟ್ಟಿಗೆ ಒಗ್ಗುವಂಥದ್ದಕ್ಕೆ ಹಾದಿ ತುಸು ಸಲೀಸು. ಜೈವಿಕ ಇಂಧನವನ್ನು ಮಾಮೂಲಿ ಇಂಧನದೊಂದಿಗೆ ಬೆರೆಸಿ ಇರುವ ಎಂಜಿನ್ನಿಗೇ ಹಾಕಬಹುದು. ಸೇನಾ ವಿಮಾನಗಳ ಸುರಕ್ಷತೆಯನ್ನು ಪ್ರಮಾಣೀಕರಿಸುವ ಬೆಂಗಳೂರಿನ ಸೆಮಿಲ್ಯಾಕ್ ಸಂಸ್ಥೆಯ ಒಪ್ಪಿಗೆ ಪಡೆದು 2019ರ ಗಣರಾಜ್ಯೋತ್ಸವದಲ್ಲಿ ವಾಯುಪಡೆಯ ಎಎನ್-32 ಸಾಗಣೆ ವಿಮಾನ ಶೇ 10ರಷ್ಟು ಜೈವಿಕ ಇಂಧನ ಬೆರೆಸಿಕೊಂಡು ಹಾರಿದ್ದು ಹೀಗೆ.

ಬ್ಯಾಟರಿಯ ವಿಷಯ ಬೇರೆ. ಕೇಳಬೇಕಾದ ಒಂದು ಪ್ರಶ್ನೆ ತಪ್ಪಿಹೋದರೆ ಏನಾಗುತ್ತದೆ ಎಂಬುದನ್ನು ಬೋಯಿಂಗ್ 787 ತೋರಿಸಿಕೊಟ್ಟಿದೆ. ಇಂಧನ ಉಳಿಸಲೆಂದು ಹಿಂದಿನ ವಿಮಾನಗಳಿಗಿಂತ ಹೆಚ್ಚಾಗಿ ವಿದ್ಯುತ್ತನ್ನೇ ನೆಚ್ಚಿಕೊಂಡ ಈ ವಿಮಾನದ ಲಿಥಿಯಂ-ಅಯಾನ್ ಬ್ಯಾಟರಿಗೆ 2007ರಲ್ಲೇ ವಿಶೇಷ ಷರತ್ತುಗಳನ್ನು ವಿಧಿಸಲಾಗಿತ್ತು. ಬ್ಯಾಟರಿಯ ಬಿಡಿ ಘಟಕವಾದ ಸೆಲ್ಲಿಗೆ ಮೊಳೆ ಚುಚ್ಚಿ ನಡೆಸಿದ ಪರೀಕ್ಷೆಯ ಆಧಾರದಿಂದ, ಒಂದು ಸೆಲ್ಲಿನೊಳಗೆ ಶಾರ್ಟ್ ಸರ್ಕ್ಯೂಟ್ ಆದರೂ ಹೊಗೆ ಬಂದು ಅಷ್ಟಕ್ಕೇ ನಿಲ್ಲುತ್ತದೆ ಎಂದು ಭಾವಿಸಲಾಯಿತು. ಅಂಥ ಹೊಗೆಯೂ ಒಂದು ಕೋಟಿ ಹಾರಾಟ ಗಂಟೆಗಳಿಗೆ ಒಮ್ಮೆಗಿಂತ ಕಡಿಮೆ ಎಂದು ಲೆಕ್ಕ ಹಾಕಲಾಯಿತು. 2013ರ ಜನವರಿ 7ರಂದು ಬಾಸ್ಟನ್ನಿನಲ್ಲಿ, ಟೋಕಿಯೊದಿಂದ ಬಂದ ಪ್ರಯಾಣಿಕರೆಲ್ಲ ಇಳಿದು ಹೋದ ಮೇಲೆ, ವಿಮಾನದೊಳಗೆ ಸ್ವಚ್ಛ ಮಾಡುತ್ತಿದ್ದವರಿಗೆ ಹೊಗೆ ಕಾಣಿಸಿತು. ಎಂಟು ಸೆಲ್ಲುಗಳ ಬ್ಯಾಟರಿಯಲ್ಲಿ ಒಂದು ಕೆಟ್ಟು ಕಾದು, ಅದರ ಕಾವು ಪಕ್ಕದ ಸೆಲ್ಲುಗಳಿಗೂ ಹಬ್ಬಿತ್ತು. ಒಂಬತ್ತು ದಿನ ಕಳೆಯುವಷ್ಟರಲ್ಲಿ ಜಪಾನಿನಲ್ಲಿ ಇನ್ನೊಂದು ಬ್ಯಾಟರಿ ಕೆಟ್ಟಿತು. ಅಷ್ಟು ಹೊತ್ತಿಗೆ ಜಗತ್ತಿನ 787ಗಳೆಲ್ಲ ಸೇರಿ ಒಂದು ಲಕ್ಷ ಗಂಟೆ ಕೂಡ ಹಾರಿರಲಿಲ್ಲ. ಏರ್ ಇಂಡಿಯಾದವೂ ಸೇರಿ ಎಲ್ಲ 787ಗಳೂ ಮೂರು ತಿಂಗಳಿಗೂ ಹೆಚ್ಚು ಕಾಲ ನೆಲದ ಮೇಲೆಯೇ ನಿಂತವು. ಬ್ಯಾಟರಿಗೆ ಉಕ್ಕಿನ ಪೆಟ್ಟಿಗೆ, ಹೊಗೆಯನ್ನು ಹೊರಕ್ಕೆ ಒಯ್ಯುವ ಕೊಳವೆ ಬಂದ ಮೇಲಷ್ಟೇ ಮತ್ತೆ ಹಾರಿದವು. ಅಮೆರಿಕದ ತನಿಖಾ ಮಂಡಳಿಯು 2014ರಲ್ಲಿ ವಿನ್ಯಾಸದ ಕೊರತೆಯ ಜೊತೆಗೆ, ಅದನ್ನು ಪ್ರಮಾಣೀಕರಣದ ಹೊತ್ತಿನಲ್ಲೇ ಗುರುತಿಸದ ಎಫ್‌ಎಎಯನ್ನೂ ಕಾರಣವಾಗಿ ಹೆಸರಿಸಿತು. ತಡವಾಯಿತೆಂದು ದೂರುವಾಗ ನಾವು ನೆನಪಿಡಬೇಕಾದ ವರದಿ ಅದು ಎಂದೇ ನನ್ನ ಭಾವನೆ.

ಈ ಅನುಭವದ ನಂತರ, 2020ರ ಜೂನ್ 10ರಂದು ಸ್ಲೊವೇನಿಯದ ಪಿಪಿಸ್ಟ್ರೆಲ್ ಕಂಪನಿಯ ವೆಲಿಸ್ ಎಲೆಕ್ಟ್ರೊಗೆ ಇಎಎಸ್‌ಎ ಟೈಪ್ ಸರ್ಟಿಫಿಕೇಟ್, ಅಂದರೆ ವಿಮಾನದ ವಿನ್ಯಾಸ ಸುರಕ್ಷಿತವೆಂಬ ಮಾನ್ಯತಾ ಪತ್ರ, ನೀಡಿತು. ಪೂರ್ತಿ ವಿದ್ಯುತ್ತಿನಿಂದ ಹಾರುವ ವಿಮಾನಕ್ಕೆ ಸಿಕ್ಕ ಮೊದಲ ಟೈಪ್ ಸರ್ಟಿಫಿಕೇಟ್ ಅದು. ಇಬ್ಬರು ಕೂರುವ, ಗರಿಷ್ಠ 600 ಕಿಲೊ ತೂಕದ, ಐವತ್ತು ನಿಮಿಷದ ಆಸುಪಾಸು ಹಾರಬಲ್ಲ ತರಬೇತಿ ವಿಮಾನ. ಅದರ ಎರಡು ಬ್ಯಾಟರಿಗಳಲ್ಲಿ ಒಂದು ಮೂತಿಯಲ್ಲಿ, ಇನ್ನೊಂದು ಆಸನಗಳ ಹಿಂದೆ ಇದೆ. ಒಂದು ಕೈಕೊಟ್ಟರೆ ಇನ್ನೊಂದರಿಂದ ಹಾರಾಟ ಮುಂದುವರಿಸಬಹುದು.

ಇಷ್ಟು ಪುಟ್ಟ ವಿಮಾನದಲ್ಲೂ ಹೊಸದಾಗಿ ಯೋಚಿಸಬೇಕಾದದ್ದು ಎಷ್ಟೋ ಇದೆ. ಟ್ಯಾಂಕಿನಲ್ಲಿ ಇಪ್ಪತ್ತು ಲೀಟರ್ ಉಳಿದಿದ್ದರೆ ಕೊನೆಯ ಲೀಟರಿನ ತನಕವೂ ಎಂಜಿನ್ ಪೂರ್ಣ ಶಕ್ತಿ ಕೊಡುತ್ತದೆ. ಬ್ಯಾಟರಿಯಲ್ಲಿ ಶೇ 20 ಉಳಿದಿದೆ ಎಂಬ ಅಂಕಿಗೆ, ಬ್ಯಾಟರಿ ಎಷ್ಟು ಹಳೆಯದು, ಎಷ್ಟು ತಣ್ಣಗಿದೆ ಎಂಬುದನ್ನು ಅವಲಂಬಿಸಿ ಬೇರೆ ಬೇರೆ ಅರ್ಥ. ರನ್‌ವೇ ಹತ್ತಿರಕ್ಕೆ ಬಂದ ಪೈಲಟ್ ಯಾವುದೋ ಅಡ್ಡಿಯನ್ನು ಕಂಡು ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಬೇಕಾದರೆ, ಆ ಗಳಿಗೆಯಲ್ಲಿ ಪೂರ್ಣ ಶಕ್ತಿ ಸಿಗುತ್ತದೆಯೇ ಎಂಬುದನ್ನು ಎದುರಿನ ಪರದೆ ಅವರಿಗೆ ಮೊದಲೇ ತಿಳಿಸಿರಬೇಕು.