ಭೂಕಂಪದ ಕಾಗದಗಳಿದ್ದ ಸಂಸತ್ತು

ಪೋರ್ಚುಗಲ್ ದೇಶದ ಸಂಸತ್ತು ಸೇರುವುದು ಒಂದು ಹಳೆಯ ಮಠದಲ್ಲಿ. ರಾಜಧಾನಿ ಲಿಸ್ಬನ್ನಿನಲ್ಲಿರುವ ಅದರ ಹೆಸರು ಈಗ ಸಾವೊ ಬೆಂಟೊ ಅರಮನೆ. ಆದರೆ 1598ರಲ್ಲಿ ಅದನ್ನು ಕಟ್ಟಲು ಶುರು ಮಾಡಿದ್ದು ಬೆನೆಡಿಕ್ಟ್ ಪಂಥದ ಸನ್ಯಾಸಿಗಳು. ಮುಂದಿನ ಅಗಲ ಮೆಟ್ಟಿಲುಗಳನ್ನು ಫೋಟೊದಲ್ಲಿ ನೋಡಿದರೆ ಮಠ ಅನ್ನಿಸುವುದೇ ಇಲ್ಲ. ಅವು 20ನೇ ಶತಮಾನದಲ್ಲಿ ಬಂದವು. ನನಗೆ ಈ ಕಟ್ಟಡ ಹತ್ತಿರವಾಗಿದ್ದು ಅಲ್ಲಿ 200 ವರ್ಷಕ್ಕೂ ಜಾಸ್ತಿ ಕಾಲ ಇದ್ದ ಕಾಗದಗಳಿಂದ.

1755ರ ನವೆಂಬರ್ 1, ಸಕಲ ಸಂತರ ಹಬ್ಬ. ಬೆಳಿಗ್ಗೆ ಚರ್ಚುಗಳು ತುಂಬಿದ್ದವು. ಅಟ್ಲಾಂಟಿಕ್ ಸಾಗರದ ತಳದಲ್ಲಿ ಬಂಡೆ ಜರುಗಿ, ಲಿಸ್ಬನ್ ಹಲವು ನಿಮಿಷ ನಡುಗಿತು. ಈಗಿನ ಅಂದಾಜಿನಲ್ಲಿ ಅದರ ತೀವ್ರತೆ 8.5ರಿಂದ 9. ಹಿಂದೆಯೇ ಸುನಾಮಿ ಬಂತು. ಮೇಣದಬತ್ತಿ, ಒಲೆಗಳಿಂದ ಹತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು.

ನದಿದಂಡೆಯ ತಗ್ಗಿನ ಪೇಟೆ ಪೂರಾ ನೆಲಸಮವಾಯಿತು. ಅಲ್ಲಿ ಕಾಲಡಿ ಇದ್ದದ್ದು ನೀರು ತಂದು ಹಾಕಿದ ಸಡಿಲ ಮಣ್ಣು. ಕಂಪನದ ಅಲೆ ಗಟ್ಟಿ ಬಂಡೆಯಿಂದ ಇಂಥ ಮಣ್ಣಿಗೆ ಬಂದಾಗ ಅದರ ವೇಗ ತಗ್ಗುತ್ತದೆ, ಅಲುಗಾಟ ಮಾತ್ರ ದೊಡ್ಡದಾಗುತ್ತದೆ. ಮೊಸರಿನ ಬಟ್ಟಲನ್ನು ಸುಮ್ನೆ ಮೆಲ್ಲಗೆ ತಟ್ಟಿ ನೋಡಿ. ಬಟ್ಟಲಿಗಿಂತ ಮೊಸರೇ ಜಾಸ್ತಿ ಅಲ್ಲಾಡುತ್ತದೆ, ಅಲ್ವಾ?

ಗುಡ್ಡದ ಮೇಲಿನ ಕೋಟೆಯ ಒಂದು ಗೋಪುರವೂ ಅಂದು ಬಿತ್ತು. ದೇಶದ ಪತ್ರಾಗಾರ ಇದ್ದದ್ದು ಅದರಲ್ಲೇ. ಗೋಪುರದಿಂದಲೇ ಆ ಪತ್ರಾಗಾರಕ್ಕೆ ಟೋರೆ ಡೊ ಟೊಂಬೊ ಎಂಬ ಹೆಸರು. ಅದರ ಮುಖ್ಯಸ್ಥ ಮನುಯೆಲ್ ದ ಮಾಯ ಇಂಜಿನಿಯರ್ ಕೂಡ ಹೌದು. ಆಗ ಅವರಿಗೆ 78 ವರ್ಷ. ಅವಶೇಷಗಳ ಅಡಿಯಿಂದ ಹಾಳೆಗಳನ್ನು ತೆಗೆಸಿ, ಮೊದಲು ಮರದ ಶೆಡ್ಡಿನಲ್ಲಿ ಇಡಿಸಿದರು. 1757ರಲ್ಲಿ ಅವನ್ನು ಸಾವೊ ಬೆಂಟೊ ಮಠಕ್ಕೆ ಸಾಗಿಸಿದರು. ಮಠ ಭೂಕಂಪವನ್ನು ತಡೆದು ನಿಂತಿತ್ತು. ಊರನ್ನು ಮತ್ತೆ ಕಟ್ಟುವ ಯೋಜನೆ ಹಾಕಿಕೊಟ್ಟವರೂ ಇದೇ ಮಾಯ. ಹೊಸ ಮನೆಗಳ ಗೋಡೆಯೊಳಗೆ ಮರದ ಚೌಕಟ್ಟು, ಅದಕ್ಕೆ ಅಡ್ಡಡ್ಡ ಓರೆಪಟ್ಟಿಗಳು. ನೆಲ ಅಲುಗಿದರೆ ಮರ ಸ್ವಲ್ಪ ಬಾಗುತ್ತದೆ, ಮುರಿಯುವುದಿಲ್ಲ.

1756ರಲ್ಲಿ ಇನ್ನೊಂದು ದೊಡ್ಡ ಕೆಲಸ ನಡೆಯಿತು. ಮಂತ್ರಿಯಾಗಿದ್ದ ಪೊಂಬಾಲ್ ದೇಶದ ಎಲ್ಲ ಚರ್ಚುಗಳ ಪಾದ್ರಿಗಳಿಗೂ ಪ್ರಶ್ನೆಪಟ್ಟಿ ಕಳಿಸಿದರು. ನಡುಕ ಎಷ್ಟು ಹೊತ್ತು ಇತ್ತು? ಯಾವ ದಿಕ್ಕಿನಿಂದ ಜೋರಾಗಿತ್ತು? ಸಮುದ್ರ ಮೊದಲು ಏರಿತೋ ಇಳಿಯಿತೋ? ಏರಿದ್ದರೆ ಎಷ್ಟು ಗೇಣು? ದೇವರ ಕೋಪ ಎಂದು ಜನ ನಡುಗುತ್ತಿದ್ದ ಕಾಲದಲ್ಲಿ ಅಳತೆ ಕೇಳಿದ ಈ ಪ್ರಶ್ನೆಗಳನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಭೂಕಂಪ ವಿಜ್ಞಾನದ ಮೊದಲ ಹೆಜ್ಜೆಗಳಲ್ಲಿ ಇದೂ ಒಂದು. ಕಳೆದುಹೋಗದೆ ಉಳಿದ ಉತ್ತರಗಳು ಮುಂದೆ ಇದೇ ಪತ್ರಾಗಾರ ಸೇರಿದವು.

1834ರಲ್ಲಿ ಸರ್ಕಾರ ಮಠಗಳನ್ನು ರದ್ದು ಮಾಡಿತು. ಸನ್ಯಾಸಿಗಳು ಹೋದರು, ಸಂಸತ್ತು ಬಂತು. 1895ರಲ್ಲಿ ಜನಪ್ರತಿನಿಧಿಗಳ ಸಭಾಂಗಣ ಸುಟ್ಟುಹೋಯಿತು. ವಾಸ್ತುಶಿಲ್ಪಿ ವೆಂಚುರಾ ಟೆರ್ರಾ ಅರ್ಧವೃತ್ತದ ಹೊಸ ಸಭಾಂಗಣ ಮಾಡಿಕೊಟ್ಟರು. ಮೇಲೆ ಗಾಜಿನ ಚಾವಣಿ, ಹಗಲಿನ ಬೆಳಕು ನೇರವಾಗಿ ಕೆಳಗೆ ಬೀಳುತ್ತದೆ. 230 ಸಂಸದರು ಇಂದು ಕೂರುವುದು ಅಲ್ಲೇ. ಬೆಂಕಿಯಲ್ಲೂ ಪತ್ರಾಗಾರ ಉಳಿಯಿತು.

ಅದೇ ಸಂಗ್ರಹದಲ್ಲಿ ‘ಮಳೆಗಾಲದ ಪುಸ್ತಕಗಳು’ ಎಂಬ 62 ಸಂಪುಟಗಳಿವೆ. ಮಾನ್ಸೂನ್ ಗಾಳಿಯನ್ನು ನಂಬಿ ಓಡಾಡುತ್ತಿದ್ದ ಹಡಗುಗಳಲ್ಲಿ ಗೋವಾಕ್ಕೂ ಲಿಸ್ಬನ್ನಿಗೂ ನಡೆದ ಪತ್ರವ್ಯವಹಾರ ಅದು. ಹೊನ್ನಾವರ, ಬಸರೂರು, ಮಂಗಳೂರಿನಲ್ಲಿ ಪೋರ್ಚುಗೀಸರ ಕೋಟೆಗಳಿದ್ದ ಕಾಲದ ಕಾಗದಗಳು. ನಮ್ಮ ಕರಾವಳಿಯ ಚರಿತ್ರೆ ಬರೆಯುವವರಿಗೆ ಇವು ಬೇಕೇ ಬೇಕು.

1990ರಲ್ಲಿ ಪತ್ರಾಗಾರ ತನ್ನದೇ ಹೊಸ ಕಟ್ಟಡಕ್ಕೆ ಹೋಯಿತು. ಪಾದ್ರಿಗಳ ಉತ್ತರಗಳು ಈಗಲೂ ಬಳಕೆಯಲ್ಲಿವೆ. ಸಮುದ್ರ ಇಷ್ಟು ಗೇಣು ಏರಿತು ಎಂದು ಯಾವುದೋ ಕರಾವಳಿ ಹಳ್ಳಿಯಲ್ಲಿ ಬರೆದಿಟ್ಟ ಅಳತೆಯನ್ನು ವಿಜ್ಞಾನಿಗಳು ಮೀಟರಿಗೆ ತಿರುಗಿಸುತ್ತಾರೆ. ಅದನ್ನು ಕಂಪ್ಯೂಟರಿನ ಲೆಕ್ಕದ ಜೊತೆ ಹೋಲಿಸಿ, 1755ರಲ್ಲಿ ಸಾಗರದ ತಳ ಒಡೆದದ್ದು ಎಲ್ಲಿ ಎಂದು ಹುಡುಕುತ್ತಿದ್ದಾರೆ.