107 ನಿಮಿಷದ ಪ್ರೇಮಕಥೆಗೆ ಎರಡು ವರ್ಷ ಯಾಕೆ ಬೇಕಾಯಿತು?

ಪ್ರಶ್ನೆ: ಜಪಾನಿನ 'ಯುವರ್ ನೇಮ್' ಎರಡು ಗಂಟೆಯೂ ಇಲ್ಲದ ಅನಿಮೇಷನ್ ಸಿನಿಮಾ. ಈಗ ಎಲ್ಲವೂ ಕಂಪ್ಯೂಟರಿನಲ್ಲೇ ಆಗುತ್ತದಲ್ಲ, ಅಂಥದ್ದರಲ್ಲಿ ಅದನ್ನು ಮಾಡಲು ಎರಡು ವರ್ಷ ಹಿಡಿದದ್ದು ಯಾಕೆ?

ಉತ್ತರ: ನಿರ್ದೇಶಕ ಮಕೊತೊ ಶಿಂಕಾಯ್ ಈ ಕಥೆಯ ಪ್ರಸ್ತಾವವನ್ನು ತೊಹೊ ಎಂಬ ಸಿನಿಮಾ ಸಂಸ್ಥೆಗೆ ಕೊಟ್ಟದ್ದು 2014ರ ಜುಲೈಯಲ್ಲಿ. ಜಪಾನಿನ ಚಿತ್ರಮಂದಿರಗಳಲ್ಲಿ 'ಕಿಮಿ ನೊ ನಾ ವಾ' ಎಂಬ ಮೂಲ ಹೆಸರಿನಲ್ಲಿ ಅದು ತೆರೆಕಂಡದ್ದು 2016ರ ಆಗಸ್ಟ್ 26ರಂದು. ಅಂದರೆ ಎರಡು ವರ್ಷ, ಮೇಲೆ ಒಂದು ತಿಂಗಳು ಚಿಲ್ಲರೆ. ಇದನ್ನು ಕೇಳಿ ಇಷ್ಟೊಂದಾ ಅನ್ನುವವರೇ ಹೆಚ್ಚು. ನನಗಂತೂ ಇದು ಕಮ್ಮಿ ಅನ್ನಿಸುತ್ತದೆ. ಈ ಅವಧಿಯ ದೊಡ್ಡ ಪಾಲು, ನಾವು ತೆರೆಯ ಮೇಲೆ ಕಾಣುವ ಚಿತ್ರಗಳನ್ನು ಬರೆಯುವುದಕ್ಕೆ ಮುಂಚೆಯೇ ಮುಗಿದಿತ್ತು.

ನಮ್ಮ ಸಿನಿಮಾಗಳಲ್ಲಿ ಒಂದು ದೃಶ್ಯವನ್ನು ನಾಲ್ಕು ಕೋನದಿಂದ, ಹತ್ತು ಟೇಕ್ ತೆಗೆದು, ಸಂಕಲನದ ಮೇಜಿನ ಮೇಲೆ ಯಾವುದು ಉಳಿಯಬೇಕು ಎಂದು ನಿರ್ಧರಿಸಬಹುದು. ಕೈಯಿಂದ ಬರೆಯುವ ಅನಿಮೇಷನ್‌ನಲ್ಲಿ ಆ ಸವಲತ್ತಿಲ್ಲ. ಹತ್ತು ಸೆಕೆಂಡಿನ ದೃಶ್ಯ ಬೇಡವಾದರೆ ಹಲವರ ವಾರಗಟ್ಟಲೆ ದುಡಿಮೆ ಕಸದಬುಟ್ಟಿಗೆ. ಹಾಗಾಗಿ ಸಂಕಲನವೇ ಮೊದಲು, ಚಿತ್ರ ಆಮೇಲೆ.

ಆ ಮೊದಲ ಹಂತಕ್ಕೆ ಶಿಂಕಾಯ್ ಬಳಸುವುದು ವಿಡಿಯೋ ಕಾಂಟೆ. ಪ್ರತಿ ಶಾಟನ್ನೂ ಕಂಪ್ಯೂಟರಿನಲ್ಲಿ ಒರಟು ಗೆರೆಗಳಲ್ಲಿ ಬಿಡಿಸಿ, ಒಂದರ ಹಿಂದೊಂದು ಜೋಡಿಸಿ, ಎಲ್ಲ ಪಾತ್ರಗಳ ಮಾತನ್ನೂ ತಾವೇ ಹೇಳಿ ಧ್ವನಿಮುದ್ರಿಸುತ್ತಾರೆ. ಹಳ್ಳಿಯ ಹುಡುಗಿ ಮಿತ್ಸುಹ, ಟೋಕಿಯೋದ ಹುಡುಗ ತಾಕಿ, ಅಜ್ಜಿ, ತಂಗಿ ಎಲ್ಲರದ್ದೂ ಒಬ್ಬರದೇ ದನಿ! ಒಂದು ಮಾತಿನ ನಂತರ ಎಷ್ಟು ಹೊತ್ತು ಮೌನ, ಉಸಿರು ಎಳೆದುಕೊಳ್ಳುವುದು ಎಲ್ಲಿ, ರೈಲಿನ ಬಾಗಿಲು ಮುಚ್ಚುವುದು ಯಾವ ಕ್ಷಣದಲ್ಲಿ ಎಂಬುದೆಲ್ಲ ಅಲ್ಲೇ ನಿಶ್ಚಯವಾಗಿಬಿಡುತ್ತದೆ. ಇಡೀ ಸಿನಿಮಾವನ್ನು ಒಮ್ಮೆ ಗೆರೆಗಳಲ್ಲಿ ನೋಡಿ ಮುಗಿಸಿದ ಮೇಲೆಯೇ ಅದನ್ನು ನಿಜವಾಗಿ ಮಾಡಲು ಕೂರುವುದು.

ಅದಕ್ಕೂ ಹಿಂದೆ ಚಿತ್ರಕಥೆಯ ಕೆಲಸ. ನಿರ್ಮಾಪಕ ಗೆಂಕಿ ಕವಮುರ ಮತ್ತು ತಂಡದವರ ಜೊತೆ ಕೂತು ಶಿಂಕಾಯ್ ಅದನ್ನು ಮತ್ತೆ ಮತ್ತೆ ತಿದ್ದಿದರು. ಕಥೆಯ ಬೇರುಗಳು ಬೇರೆಬೇರೆ ಕಡೆ ಇವೆ. ಒಂದು, ಕನಸೆಂದು ಗೊತ್ತಿದ್ದರೆ ಏಳುತ್ತಲೇ ಇರಲಿಲ್ಲ ಎಂಬರ್ಥದ, ಒಂಬತ್ತನೇ ಶತಮಾನದ ಕವಯಿತ್ರಿ ಒನೊ ನೊ ಕೊಮಾಚಿಯ ಪದ್ಯ. ಇನ್ನೊಂದು, ಅಣ್ಣತಂಗಿಯರು ಗಂಡುಹೆಣ್ಣಿನ ಬಾಳನ್ನು ಅದಲುಬದಲು ಮಾಡಿಕೊಳ್ಳುವ ಹೇಯಾನ್ ಕಾಲದ (8ರಿಂದ 12ನೇ ಶತಮಾನ) ಹಳೆಯ ಕಥೆ. ಎಲ್ಲಕ್ಕಿಂತ ಆಳವಾದದ್ದು 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿ. ಅದೇ ವರ್ಷದ ಜುಲೈಯಲ್ಲಿ ಶಿಂಕಾಯ್ ಮಿಯಾಗಿ ಪ್ರಾಂತ್ಯದ ನತೋರಿ ನಗರಕ್ಕೆ ಸೇರಿದ ಯುರಿಯಾಗೆಗೆ ಹೋಗಿದ್ದರು. ಕೊಚ್ಚಿಹೋದ ಆ ಊರಿನಲ್ಲಿ ನಿಂತಾಗ, ಇದು ನನ್ನ ಊರೂ ಆಗಬಹುದಿತ್ತಲ್ಲ ಅನ್ನಿಸಿತೆಂದು ಅವರು ಆಮೇಲೆ ಹೇಳಿಕೊಂಡಿದ್ದಾರೆ. ಚಿತ್ರ ನೋಡಿಲ್ಲದವರಿಗಾಗಿ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳುವುದಿಲ್ಲ. ದೇಹ ಅದಲುಬದಲಾಗುವ ಹುಡುಗಾಟಿಕೆಯ ಕಥೆ ಅರ್ಧದಲ್ಲಿ ಯಾಕಷ್ಟು ಭಾರವಾಗುತ್ತದೆ ಎಂಬುದಕ್ಕೆ ಉತ್ತರ ಮಾತ್ರ ಆ ಊರಿನಲ್ಲಿದೆ.

ಸಂಗೀತಕ್ಕೆ ಹಿಡಿದದ್ದು ಸುಮಾರು ಒಂದೂವರೆ ವರ್ಷ. ಚಿತ್ರ ಮುಗಿದ ಮೇಲೆ ಹಿನ್ನೆಲೆ ಸಂಗೀತ ಕೂರಿಸುವ ಕ್ರಮ ಇಲ್ಲಿ ನಡೆಯಲಿಲ್ಲ. ರ್‍ಯಾಡ್‌ವಿಂಪ್ಸ್ ಬ್ಯಾಂಡಿನ ಯೋಜಿರೊ ನೋಡ ಚಿತ್ರಕಥೆ ಓದಿ ಹಾಡು ಕಳಿಸುತ್ತಿದ್ದರು, ಅದನ್ನು ಕೇಳಿ ಶಿಂಕಾಯ್ ದೃಶ್ಯದ ಅಳತೆ ಬದಲಿಸುತ್ತಿದ್ದರು, ಬದಲಾದ ದೃಶ್ಯಕ್ಕೆ ಮತ್ತೆ ಹಾಡು ತಿದ್ದಬೇಕಾಗುತ್ತಿತ್ತು. ಚಿತ್ರದಲ್ಲಿರುವ ನಾಲ್ಕು ಹಾಡುಗಳಲ್ಲಿ 'ಸ್ಪಾರ್ಕಲ್' ಬರುವ ಭಾಗವನ್ನು ಗಮನಿಸಿ ನೋಡಿ. ದೃಶ್ಯದ ಏರಿಳಿತ ಹಾಡಿನದೇ ಏರಿಳಿತ. ಈ ಕೊಡುಕೊಳ್ಳುವಿಕೆ ಸಾಧ್ಯವಾದದ್ದು ಚಿತ್ರ ಇನ್ನೂ ಒರಟು ಗೆರೆಗಳಲ್ಲೇ ಇದ್ದುದರಿಂದ.

ಇನ್ನು ಬರೆಯುವ ಕೆಲಸ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ಜಪಾನಿನ ಅನಿಮೇಷನ್‌ನಲ್ಲಿ ಸಾಮಾನ್ಯವಾಗಿ ಒಂದು ಚಿತ್ರವನ್ನು ಮೂರು ಚೌಕಟ್ಟಿನಷ್ಟು ಹೊತ್ತು ನಿಲ್ಲಿಸುತ್ತಾರೆ, ಅಂದರೆ ಸೆಕೆಂಡಿಗೆ 8 ಚಿತ್ರ. 107 ನಿಮಿಷವೂ ಒಬ್ಬರೇ ಓಡಾಡುತ್ತಿದ್ದರು ಎಂದುಕೊಂಡರೂ 50 ಸಾವಿರ ದಾಟುತ್ತದೆ. ಇದು ಬರೀ ಅಂದಾಜು ಲೆಕ್ಕ: ಕೆಲವು ಶಾಟುಗಳಲ್ಲಿ ಯಾರೂ ಅಲುಗುವುದಿಲ್ಲ, ಕೆಲವು ಕಡೆ ಗುಂಪೇ ಓಡುತ್ತದೆ. ಚಲನೆಯ ಮುಖ್ಯ ಚಿತ್ರಗಳಿಗೆ ಗೆಂಗಾ ಎನ್ನುತ್ತಾರೆ, ನಡುವಿನ ಚಿತ್ರಗಳಿಗೆ ದೋಗಾ. ಹಲವು ಕೈಗಳು ಬರೆದ ಗೆಂಗಾಗಳಲ್ಲಿ ಮಿತ್ಸುಹಳ ಮುಖ ಒಂದೇ ಆಗಿ ಕಾಣಬೇಕಲ್ಲ, ಅದಕ್ಕೊಬ್ಬರು ಅನಿಮೇಷನ್ ನಿರ್ದೇಶಕರಿರುತ್ತಾರೆ. ಮೂಲ ಹಾಳೆಯ ಮೇಲೆ ಬಣ್ಣದ ತೆಳು ಕಾಗದ ಇಟ್ಟು ಕಣ್ಣು, ಗಲ್ಲ, ಬೆರಳುಗಳನ್ನು ತಿದ್ದಿ ಬರೆಯುವುದು ಅವರ ಕೆಲಸ. ಇಲ್ಲಿ ಆ ಜಾಗದಲ್ಲಿದ್ದವರು ಮಸಾಶಿ ಆಂಡೊ, ಘಿಬ್ಲಿ ಸ್ಟುಡಿಯೋದ 'ಸ್ಪಿರಿಟೆಡ್ ಅವೇ'ಯಲ್ಲಿ ಇದೇ ಹೊಣೆ ಹೊತ್ತಿದ್ದವರು. ಮಿತ್ಸುಹಳ ದೇಹದೊಳಗೆ ತಾಕಿ ಇರುವಾಗ ಅವಳು ಕೂರುವ, ನಡೆಯುವ ರೀತಿಯೇ ಬೇರೆ. ಸಂಭಾಷಣೆಯ ಶಬ್ದ ಕಡಿಮೆ ಮಾಡಿ ನೋಡಿದರೂ ಒಳಗಿರುವವರು ಯಾರೆಂದು ಹೇಳಬಹುದು. ಹಾಗೆಯೇ ಮಿತ್ಸುಹಳ ಹುಟ್ಟು, ತಾಯಿಯ ನೆನಪು ಹಾದುಹೋಗುವ ಒಂದು ಭಾಗದಲ್ಲಿ ಗೆರೆ, ಬಣ್ಣ ಎಲ್ಲವೂ ಥಟ್ಟನೆ ಬದಲಾಗುತ್ತದೆ. ಅದನ್ನು ಮಾಡಿದವರು ಜಪಾನೀ ಸಂಪ್ರದಾಯದ ವರ್ಣಚಿತ್ರ ಕಲಾವಿದ ಯೊಶಿತೊಶಿ ಶಿನೊಮಿಯ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದೇ.

ಕಂಪ್ಯೂಟರಿನ ಪಾತ್ರ ಇದೆ, ದೊಡ್ಡದೇ ಇದೆ. ಬಣ್ಣ ತುಂಬುವುದು, ಹಿನ್ನೆಲೆ ಚಿತ್ರಿಸುವುದು, ಕೊನೆಗೆ ಎಲ್ಲವನ್ನೂ ಒಂದೇ ಶಾಟಿನಲ್ಲಿ ಸೇರಿಸುವುದು ಅದರಲ್ಲೇ. ಟೋಕಿಯೋದ ಯೊತ್ಸುಯಾದಲ್ಲಿ ಸುಗಾ ದೇಗುಲದ ಕೆಂಪು ಕಂಬಿಯ ಮೆಟ್ಟಿಲು, ಗಿಫು ಪ್ರಾಂತ್ಯದ ಹಿದಾ ಫುರುಕವಾ ರೈಲು ನಿಲ್ದಾಣ ಇವೆಲ್ಲ ನಿಜವಾದ ಜಾಗಗಳು. ಮಿತ್ಸುಹಳ ಊರು ಇತೊಮೊರಿ ಮಾತ್ರ ಕಲ್ಪಿತ. ಆದರೆ ಫೋಟೊ ತೆಗೆದು ಅದರ ಮೇಲೆ ಬಣ್ಣ ಹಚ್ಚಿದರೆ ಈ ಬೆಳಕು ಹುಟ್ಟುವುದಿಲ್ಲ. ಸಂಜೆಯ ಮೋಡದ ಅಂಚಿಗೆ ಎಷ್ಟು ಕೆಂಪು ಬೇಕು, ನೆರಳಿನೊಳಗೆ ಎಷ್ಟು ನೀಲಿ ಉಳಿಯಬೇಕು ಎಂಬುದನ್ನು ಯಾರೋ ಒಬ್ಬರು ಕೂತು ತೀರ್ಮಾನಿಸಲೇಬೇಕು.

ಇದೇ ಶಿಂಕಾಯ್ 2002ರಲ್ಲಿ ಬಂದ 25 ನಿಮಿಷದ ಚಿತ್ರವೊಂದನ್ನು ಮನೆಯಲ್ಲಿ, ಒಂದು ಮ್ಯಾಕ್ ಕಂಪ್ಯೂಟರಿನಲ್ಲಿ, ಹೆಚ್ಚುಕಡಿಮೆ ಒಬ್ಬರೇ ಏಳು ತಿಂಗಳಲ್ಲಿ ಮಾಡಿದ್ದರು. ಅಂದಮೇಲೆ ತಂಡ ದೊಡ್ಡದಾದಷ್ಟೂ ಬೇಗ ಆಗಬೇಕಲ್ಲವೇ ಎಂದು ಕೇಳಬಹುದು. ಆಗುವುದಿಲ್ಲ. ಜನ ಹೆಚ್ಚಿದಂತೆ ಒಂದೊಂದು ಹಾಳೆಯೂ ದಾಟಬೇಕಾದ ಮೇಜುಗಳು ಹೆಚ್ಚುತ್ತವೆ, ಪ್ರತಿ ಮೇಜಿನಲ್ಲೂ ತಿದ್ದುಪಡಿ ಇರುತ್ತದೆ. ಅಂಥ ತಿದ್ದುಪಡಿಗೆ ಕೊನೆಯೆಂಬುದಿಲ್ಲ. ಚಿತ್ರ ದಾಖಲೆ ಬರೆಯುತ್ತಿದ್ದ 2016ರ ಕೊನೆಯಲ್ಲಿ ಶಿಂಕಾಯ್ ಸಂದರ್ಶನವೊಂದರಲ್ಲಿ, ಇದು ನನ್ನ ಮಟ್ಟಿಗೆ ಅಪೂರ್ಣ, ಎರಡು ವರ್ಷ ಸಾಲಲಿಲ್ಲ ಎಂದೇ ಹೇಳಿದರು.

ಬಿಡುಗಡೆಯ ದಿನ ಮೊದಲೇ ಗೊತ್ತಾಗಿದ್ದರಿಂದ ಎಲ್ಲೋ ಒಂದು ಕಡೆ ಪೆನ್ಸಿಲ್ ಕೆಳಗಿಡಲೇಬೇಕಾಯಿತು. 2016ರ ಜುಲೈ 3ರಂದು ಲಾಸ್ ಏಂಜಲೀಸ್‌ನ ಅನಿಮೆ ಎಕ್ಸ್‌ಪೋದಲ್ಲಿ ಮೊದಲ ಪ್ರದರ್ಶನ, ಆಗಸ್ಟ್‌ನಲ್ಲಿ ಜಪಾನ್, ಡಿಸೆಂಬರ್‌ನಲ್ಲಿ ಚೀನಾ, ಮರುವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ಚಿತ್ರಮಂದಿರಗಳು. ಜಪಾನ್ ಒಂದರಲ್ಲೇ ಗಳಿಕೆ 2500 ಕೋಟಿ ಯೆನ್ ಮುಟ್ಟಿತು. ಘಿಬ್ಲಿಯ ಹೆಸರಾಂತ ನಿರ್ದೇಶಕ ಹಯಾವೊ ಮಿಯಾಝಾಕಿ ನಿರ್ದೇಶನದ್ದಲ್ಲದ ಜಪಾನೀ ಅನಿಮೇಷನ್ ಚಿತ್ರವೊಂದು ಅಲ್ಲಿ 1000 ಕೋಟಿ ಯೆನ್ ದಾಟಿದ್ದು ಅದೇ ಮೊದಲು. ಶಿಂಕಾಯ್‌ರ ಮುಂದಿನ ಚಿತ್ರ 'ವೆದರಿಂಗ್ ವಿತ್ ಯೂ' ಬರಲು ಮತ್ತೆ ಮೂರು ವರ್ಷ ಹಿಡಿಯಿತು. ಅದನ್ನು ನಮ್ಮಲ್ಲೂ ಬಿಡುಗಡೆ ಮಾಡಿ ಎಂದು ಭಾರತದ ಅಭಿಮಾನಿಗಳು ಆನ್‌ಲೈನಿನಲ್ಲಿ ಸಾವಿರಾರು ಸಹಿ ಕೂಡಿಸಿದರು. ಜಪಾನಿನಲ್ಲಿ ತೆರೆಕಂಡ ಮೂರು ತಿಂಗಳೊಳಗೆ, 2019ರ ಅಕ್ಟೋಬರ್ 11ರಂದು, ಅದು ಇಲ್ಲಿನ ಚಿತ್ರಮಂದಿರಗಳಿಗೆ ಬಂತು.