ರೇಷ್ಮೆ ಹುಳು ಎಲೆ ಕಚ್ಚುವ ಮೊದಲು ಏನು ಮಾಡುತ್ತದೆ?

ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ಹಂತ, ಮುಗಿಸಿ ಎದ್ದ ಹುಳುಗಳಿಗೆ ಸೊಪ್ಪು ಹಾಕಿದ ಮೇಲೆ ಹುಳು ಮನೆಯಲ್ಲಿ ಸುಮ್ನೆ ನಿಂತು ಕೇಳಿ. ಎಲೆ ಮೇಲೆ ಜಿಟಿಜಿಟಿ ಮಳೆ ಬಿದ್ದ ಹಾಗೆ ಸದ್ದು ಬರುತ್ತದೆ. ಅವೆಲ್ಲ ಒಟ್ಟಿಗೆ ಮೇಯುವ ಸದ್ದು ಅದು. ನಾವಿಲ್ಲಿ ಓದಬೇಕಿರುವುದು ಆ ಸದ್ದು ಶುರುವಾಗುವ ಮೊದಲಿನ ಕೆಲವು ಕ್ಷಣಗಳನ್ನು.

ಒಂದೇ ಹುಳುವನ್ನು ಲೆನ್ಸ್ ಹಿಡಿದು ನೋಡಿ. ಎಲೆ ಸಿಕ್ಕ ಕೂಡಲೇ ಅದು ಬಾಯಿ ಹಾಕುವುದಿಲ್ಲ. ಎಲೆಯ ಅಂಚನ್ನು ಮುಂಗಾಲುಗಳಲ್ಲಿ ಹಿಡಿದುಕೊಂಡು, ಬಾಯಿಯ ಹತ್ತಿರ ಇರುವ ಪುಟ್ಟ ಮೊಳಕೆಯಂಥ ಅಂಗಗಳಿಂದ ತಡವುತ್ತದೆ. ಇವಕ್ಕೆ ಮ್ಯಾಕ್ಸಿಲ್ಲರಿ ಪಾಲ್ಪ್ ಎಂದು ಹೆಸರು. ಆಮೇಲೆ ರುಚಿ ನೋಡಲು ಸಣ್ಣದಾಗಿ ಕಚ್ಚುತ್ತದೆ. ಹಿಡಿಸಿದರೆ ಮಾತ್ರ ನಿಜವಾದ ಊಟ. ಆಗ ತಲೆ ಮೇಲಿಂದ ಕೆಳಕ್ಕೆ ಕಮಾನಿನಂತೆ ಬಾಗುತ್ತದೆ, ಎಡ ಬಲದ ದವಡೆಗಳು ಅಂಚನ್ನು ಕತ್ತರಿಸುತ್ತಾ ಹೋಗುತ್ತವೆ. ಕೆಳಗೆ ಮುಟ್ಟಿದರೆ ಮತ್ತೆ ಮೇಲಿಂದ ಶುರು.

ತಡವುವುದು, ಕಚ್ಚಿ ನೋಡುವುದು, ಮೇಯುವುದು. ಒಂದರಿಂದ ಇನ್ನೊಂದಕ್ಕೆ ಹೋಗಲು ರುಚಿಯ ಅಪ್ಪಣೆ ಬೇಕು. ಜಪಾನಿನ ಸಂಶೋಧಕರು 2020ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಎಲೆಯ ಮೇಲ್ಮೈಯಲ್ಲಿರುವ ಕ್ಲೋರೋಜೆನಿಕ್ ಆಮ್ಲ, ಕ್ವೆರ್ಸೆಟಿನ್ ಗ್ಲೈಕೋಸೈಡ್ ಮತ್ತು ಬೀಟಾ ಸಿಟೋಸ್ಟೆರಾಲ್, ಈ ಮೂರೂ ಪಾಲ್ಪ್‌ಗೆ ಸಿಕ್ಕರೆ ಮಾತ್ರ ಹುಳು ಕಚ್ಚಿ ನೋಡುತ್ತದೆ. ಎರಡು ಸಿಕ್ಕಿ ಒಂದು ಇಲ್ಲದಿದ್ದರೂ ಆಗದು. ಫೆಮ್ಟೋಮೋಲಾರ್ ಎಂಬ ಅತಿ ಸಣ್ಣ ಸಾಂದ್ರತೆ, ಅದಕ್ಕೂ ಕಡಿಮೆ ಪ್ರಮಾಣವೂ ಪಾಲ್ಪ್‌ಗೆ ಸಾಕು. ಒಂದು ಫೆಮ್ಟೋಮೋಲಾರ್ ಅಂದರೆ ಎಷ್ಟು ಕಡಿಮೆ ಅಂತ ಲೆಕ್ಕ ಹಾಕಿ ನೋಡಿದೆ: ತುಂಬಿದ ಎರಡು ಕೆಆರ್‌ಎಸ್‌ನಷ್ಟು ನೀರಿಗೆ ಸುಮಾರು ಒಂದು ಗ್ರಾಂ ಕ್ಲೋರೋಜೆನಿಕ್ ಆಮ್ಲ ಬೆರೆಸಿದಷ್ಟು! ನನಗಂತೂ ಇಡೀ ಪಾಠದಲ್ಲಿ ಇದಕ್ಕಿಂತ ಬೆರಗಿನ ವಿಷಯ ಇನ್ನೊಂದಿಲ್ಲ.

ಕಚ್ಚಿದ ಜಾಗದಿಂದ ರಸ ಒಸರುತ್ತದೆ ಅಲ್ವಾ? ಆ ರಸದ ಸಕ್ಕರೆಯನ್ನು ಪಾಲ್ಪ್ ಪಕ್ಕದ ಗೇಲಿಯ ಎಂಬ ಅಂಗ ಹಿಡಿಯುತ್ತದೆ. ಇದು ಪಾಲ್ಪ್‌ನಷ್ಟು ಚುರುಕಲ್ಲ, ಸಕ್ಕರೆ ಜಾಸ್ತಿ ಇದ್ದರೇ ಎಚ್ಚರವಾಗುವುದು. ಸಿಹಿ ಸಿಕ್ಕಿತು ಎಂದರೆ ದವಡೆ ಬಿಡದೆ ಆಡತೊಡಗುತ್ತದೆ. ಈ ರುಚಿ ನರಗಳು ಹೋಗಿ ಸೇರುವುದು ಅನ್ನನಾಳದ ಕೆಳಗಿರುವ ನರಗಂಟಿಗೆ. ದವಡೆಯ ಸ್ನಾಯುಗಳಿಗೆ ಆಜ್ಞೆ ಹೊರಡುವುದೂ ಅಲ್ಲಿಂದಲೇ. ಚಿತ್ರ ಬರೆಯುವಾಗ ಈ ಗಂಟನ್ನು ಬಿಡಬೇಡಿ.

ಇನ್ನು ಕಹಿ. ಅದು ಬೇಡ ಎನ್ನುವ ಸೂಚನೆ. ಚೀನಾದಲ್ಲಿ ಜಿಆರ್66 ಎಂಬ, ಕಹಿ ಗುರುತಿಸುವ ಗ್ರಾಹಕದ (ರಿಸೆಪ್ಟರ್) ಜೀನ್ ಕೆಡಿಸಿದ ಹುಳುಗಳನ್ನು ಬೆಳೆಸಿದರು, 2019ರಲ್ಲಿ ಪ್ರಕಟವಾದ ಕೆಲಸ. ಹಿಪ್ಪುನೇರಳೆ ಬಿಟ್ಟು ಸಾಮಾನ್ಯವಾಗಿ ಬೇರೇನೂ ಮುಟ್ಟದ ಜಾತಿಯ ಈ ಹುಳುಗಳು ಹಣ್ಣು, ಕಾಳುಗಳನ್ನೂ ತಿಂದವು. ಪಾಲ್ಪ್, ಗೇಲಿಯ ಎರಡೂ ಇರುವ ಮ್ಯಾಕ್ಸಿಲ್ಲಾ ಎಂಬ ಬಾಯಿಯ ಭಾಗವನ್ನೇ ಕತ್ತರಿಸಿ ತೆಗೆದ ಹಳೆಯ ಪ್ರಯೋಗಗಳಲ್ಲೂ ಹುಳು ಬೇರೆ ಗಿಡಗಳ ಎಲೆ ತಿಂದಿತ್ತು. ಅಂದರೆ ಆ ಎಲೆಗಳನ್ನು ಅಗಿಯುವ ಶಕ್ತಿ ದವಡೆಗೆ ಮೊದಲಿಂದಲೂ ಇತ್ತು. ತಡೆದಿದ್ದು ರುಚಿ.